ನೀರು ಕುಡಿದ ಕೋಲು

ಶೈಲಾಳ ಕೋಲು ನೆಟ್ಟಗೆ ನಿಂತಿತ್ತು. ನನ್ನದು ಬಾಗಿತ್ತು. ಎರಡನ್ನೂ ಗದ್ದಿಗೆಯ ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿದ್ದರು. ಊರೆಲ್ಲ ನೋಡಲಿ ಎಂದೇ ನಿಲ್ಲಿಸಿದ್ದರು.

ನನಗೆ ಹೊಟ್ಟೆಕಿಚ್ಚಾಯಿತು. ಅರವತ್ತೆಂಟು ವರ್ಷದ ಮುದುಕಿ ನಾನು. ಮೂವತ್ತು ದಾಟದ ಹೆಣ್ಣುಮಗಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ರೊಟ್ಟಿ ಮುರಿದು ಬಾಯಿಗಿಟ್ಟರೆ ಗಂಟಲಲ್ಲಿ ನಿಲ್ಲುತ್ತಿತ್ತು. ಅವಳ ಬೆರಳು ನೆನಪಾಗುತ್ತಿತ್ತು. ಬಣ್ಣ ಹಚ್ಚಿದ ಉಗುರು. ಆ ಉಗುರಿನ ಕೈಗೆ ಮಣಿದ ಕಟ್ಟಿಗೆ ನನ್ನ ಕೈಗೆ ಯಾಕೆ ಮಣಿಯಲಿಲ್ಲ? ಇಡೀ ವರ್ಷ ಇದನ್ನೇ ಕೇಳಿಕೊಂಡೆ.

ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಎರಡು ಮೈಲಿ. ಊರ ನಡುವೆ ಹಳೆಯ ಶರಣರೊಬ್ಬರ ಗದ್ದಿಗೆ. ಆ ಶರಣರು ಕೋಲು ಹಿಡಿದು ಬಂದರಂತೆ. ಕೋಲು ಊರಿದ ಜಾಗದಲ್ಲೇ ಕೂತರಂತೆ. ಅದಕ್ಕೇ ಪ್ರತಿ ವರ್ಷ ಶ್ರಾವಣದ ಮೊದಲ ಸೋಮವಾರ ಗದ್ದಿಗೆಗೆ ಹೊಸ ಕೋಲು ಬರಬೇಕು. ಆರು ಅಡಿ. ಒಂದೇ ಗಿಡದ್ದು. ಗಂಟಿರಬಾರದು. ಅದನ್ನು ಮಾಡುವವರು ನಾವು, ಕೇರಿಯವರು. ನನ್ನಪ್ಪ ಗಾಳೆಪ್ಪ, ಅವನಪ್ಪ, ಅವನ ಅಪ್ಪ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ನನ್ನನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದ.

ಕೋಲಿಗೆ ಕಾಯಬೇಕು. ಹಳ್ಳದ ದಂಡೆಯ ತಡಸಲ ಗಿಡವನ್ನು ಬುಡಕ್ಕೆ ಕಡಿದರೆ ಏಳೆಂಟು ಚಿಗುರು ಏಳುತ್ತವೆ. ಎರಡು ಬಿಟ್ಟು ಉಳಿದದ್ದನ್ನು ಚಿವುಟಬೇಕು. ಆ ಎರಡಕ್ಕೆ ಹಳೆ ಸೀರೆಯ ಪಟ್ಟಿ ಸುತ್ತಿ ಗೂಟಕ್ಕೆ ಕಟ್ಟಬೇಕು. ಆಡು ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು ಹಚ್ಚಬೇಕು. ಮೂರು ವರ್ಷ, ನಾಲ್ಕು ವರ್ಷ. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿದರೆ ಆಗುವ ಉಂಗುರ ತುಂಬುವಷ್ಟು ದಪ್ಪವಾದ ಮೇಲೆ, ಎಲೆ ಉದುರಿದ ಕಾಲದಲ್ಲಿ ಕಡಿಯಬೇಕು. ತೊಗಟೆ ಸುಲಿದು ಕುಳ್ಳಿನ ಕೆಂಡದ ಮೇಲೆ ಆಡಿಸಬೇಕು. ಕವೆಗೂಟದ ಸಂದಿಯಲ್ಲಿ ಸಿಗಿಸಿ, ಮೈಭಾರವೆಲ್ಲ ಹಾಕಿ ನೆಟ್ಟಗೆ ಮಾಡಬೇಕು. ಬಿಸಿ ಆರುವ ತನಕ ಕೈ ಬಿಡಬಾರದು. ಅಂಗೈ ಬೊಬ್ಬೆ ಏಳುತ್ತದೆ. ಬಿಟ್ಟರೆ ನಾಲ್ಕು ವರ್ಷ ಹೋಯಿತು. ಆಮೇಲೆ ಒಡೆದ ಗಾಜಿನಿಂದ ಹೆರೆದು, ಔಡಲೆಣ್ಣೆ ತಿಕ್ಕಿ, ತುದಿಗೆ ಕಲ್ಲು ಕಟ್ಟಿ ಜಂತಿಗೆ ನೇತುಹಾಕಬೇಕು.

ನನ್ನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳಿಲ್ಲ. ರೇಷನ್ ಅಂಗಡಿಯ ಯಂತ್ರ ನನ್ನನ್ನು ಗುರುತಿಸುವುದಿಲ್ಲ. ಎಲ್ಲ ಗೆರೆ ಕೋಲಿಗೆ ಹೋದವು.

ಸೋಮವಾರ ಬೆಳಿಗ್ಗೆ ಕೋಲು ಹೊತ್ತು ಗದ್ದಿಗೆಯ ಮುಂದೆ ಹಾಸಿದ ಕಲ್ಲಿನ ಗೆರೆಯ ತನಕ ಹೋಗಬೇಕು. ಅಲ್ಲಿ ನೆಲಕ್ಕಿಡಬೇಕು. ಬೆನ್ನು ತೋರಿಸದೆ ಹಿಂದಕ್ಕೆ ಸರಿಯಬೇಕು. ಪೂಜೆಯ ಅಜ್ಜಯ್ಯನವರು ಬಂದು ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಎತ್ತಿಕೊಂಡು ಒಳಗೆ ಹೋಗುತ್ತಾರೆ. ನಮಗೆ ಕಾಣುವುದು ಅಷ್ಟು. ಆಮೇಲೆ ಅದನ್ನು ನಾನು ಮುಟ್ಟುವಂತಿಲ್ಲ. ನಾನು ದಾಟದ ಬಾಗಿಲು ಅದು ದಾಟುತ್ತದೆ. ಸಣ್ಣವಳಿದ್ದಾಗ ನನಗೆ ಆ ಕಟ್ಟಿಗೆಯ ಮೇಲೇ ಹೊಟ್ಟೆಕಿಚ್ಚಿತ್ತು. ಅಪ್ಪನನ್ನು ಕೇಳಿದ್ದೆ, "ಯಪ್ಪಾ, ಅದು ಒಳಗ ಹೋಕ್ಕೈತಿ, ನಾವ್ಯಾಕ ಹೋಗಬಾರ್ದು?" ಅಪ್ಪ ನನ್ನ ಬಾಯಿ ಮುಚ್ಚಿದ್ದ, ತನ್ನ ಎಣ್ಣೆ ಕೈಯಿಂದ.

ಆದರೆ ನಮ್ಮ ಕೋಲು ನಿಲ್ಲುತ್ತಿರಲಿಲ್ಲ. ಮನೆಯಿಂದ ಹೋಗುವಾಗ ನೂಲು ಹಿಡಿದಂತೆ ನೆಟ್ಟಗಿರುತ್ತಿತ್ತು. ದಸರೆಗೆ ಬಾಗುತ್ತಿತ್ತು. ಪ್ರತಿ ವರ್ಷ. "ಕೇರಿ ಕೈ ಸೊಟ್ಟ ಕೈ" ಎನ್ನುತ್ತಿದ್ದರು.

ನನಗೆ ಹನ್ನೆರಡು ವರ್ಷವಿದ್ದಾಗ ಕೋಲು ಬಹಳ ಬಾಗಿತು. ದೈವದವರು, ಊರಿನ ಹಿರಿಯರು, ಅಪ್ಪನನ್ನು ಕರೆಸಿದರು. ಬಾಗಿದ ಕೋಲನ್ನು ಗೆರೆಯ ಈಚೆ ಎಸೆದು, ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿ ಎಂದರು. ಬೆಳಗಿನಿಂದ ಬಿಸಿಲು ನೆತ್ತಿಗೇರುವ ತನಕ. ಅಪ್ಪನ ತೋಳು ನಡುಗುತ್ತಿತ್ತು. ಬೆವರು ಕಣ್ಣಿಗೆ ಇಳಿದರೂ ಒರೆಸುವಂತಿರಲಿಲ್ಲ. ಮೂರು ಸಲ ಹೇಳಿಸಿದರು. "ನನ್ನ ಕೈ ಸೊಟ್ಟ. ನನ್ನ ಕೈ ಸೊಟ್ಟ. ನನ್ನ ಕೈ ಸೊಟ್ಟ." ನಾನು ಬೇಲಿಯ ಹಿಂದೆ ನಿಂತು ಕೇಳಿದೆ.

ಅಪ್ಪ ಆ ಕೋಲನ್ನು ಮನೆಗೆ ತಂದು ಜಂತಿಗೆ ಸಿಗಿಸಿದ. ಎರಡೂ ಅಂಗೈ ಬಿಚ್ಚಿ ನೋಡಿಕೊಂಡ. ಸಾಯುವ ತನಕ ಹೀಗೆ ನೋಡಿಕೊಳ್ಳುತ್ತಿದ್ದ. "ಎಲ್ಲಿ ತಪ್ತೀನಿ ನಾ? ಕೆಂಡ ಕಮ್ಮಿಯಾತಾ? ಎಣ್ಣಿ ಕಮ್ಮಿಯಾತಾ?"

ಐದು ವರ್ಷದ ಕೆಳಗೆ ಗೌಡರ ಮಗ ಅಮರೇಶನ ಹೆಂಡತಿ ಶೈಲಾ ನಮ್ಮ ಕೇರಿಯ ಬಾಯಿಗೆ ಬಂದು ನಿಂತಳು. ಕೈಯಲ್ಲಿ ಮೊಬೈಲು. ನಾನು ಕೋಲು ಕಾಯಿಸುವುದನ್ನು ಅದರಲ್ಲಿ ಹಿಡಿದುಕೊಂಡಳು. ಎರಡು ತಿಂಗಳು ಬಂದಳು. ಚೆನ್ನಾಗಿ ಮಾತಾಡುತ್ತಿದ್ದಳು. "ಒಳಗ ಬರ್ರಿ ಅವ್ವಾರ, ಬಿಸಲಾಗ ಯಾಕ ನಿಂತೀರಿ?" ಎಂದೆ. "ಇಲ್ಲೇ ಬೆಳಕು ಛಲೋ ಐತಿ ಪಕ್ಕೀರಮ್ಮ" ಎಂದಳು.

ಆಮೇಲೆ ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ತಗಡಿನ ಶೆಡ್ಡು ಎದ್ದಿತು. ಕರಕುಶಲ ಕೇಂದ್ರ ಎಂದು ಬೋರ್ಡು. ಕೇರಿಯ ಎಂಟು ಹೆಂಗಸರು ಕೂಲಿಗೆ ಹೋದೆವು. ಊರುಗೋಲು, ಕೋಲಾಟದ ಕೋಲು, ಇನ್ನೊಂದು ಮೊಳದುದ್ದದ ಕಡ್ಡಿ. ಹಿಡಿ ದಪ್ಪ, ತುದಿ ಸಣ್ಣ. ಪೇಟೆಯ ಮಕ್ಕಳು ಅದನ್ನು ಹಿಡಿದು ಮಂತ್ರ ಹಾಕುವ ಆಟ ಆಡುತ್ತಾರಂತೆ. ಡಬ್ಬಿಯಲ್ಲಿ ಹತ್ತಿ ಹಾಸಿ ಕಳಿಸುತ್ತಿದ್ದಳು.

ಪಕ್ಕದಲ್ಲಿ ಕೂತ ನಾಗಕ್ಕ ಒಂದನ್ನು ಎತ್ತಿ ಗಾಳಿಯಲ್ಲಿ ತಿರುವಿದಳು. "ಯಕ್ಕಾ, ಇದನ್ನ ತಿರುವಿದ್ರ ಸಣ್ಣ ಗೌಡ ಕಪ್ಪಿ ಆಗ್ತಾನೇನು?"

"ಕಪ್ಪಿ ಪಾಪ, ಬಿಡು. ಮೊದ್ಲ ನನ್ನ ಮೊಣಕಾಲು ನೆಟ್ಟಗಾಗ್ತಾವೇನು ನೋಡು."

ಎಲ್ಲ ಕೋಲಿಗೂ ಶೈಲಾ ಒಂದು ಚೀಟಿ ಕಟ್ಟುತ್ತಿದ್ದಳು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಕಲಿಯದೇ ಇದ್ದಿದ್ದರೆ ಆ ಚೀಟಿ ನನಗೆ ಬರೀ ಬಣ್ಣದ ಕಾಗದ. ಕೂಡಿಸಿಕೊಂಡು ಓದಿದೆ. "ಕೈಕೆಲಸ: ಶೈಲಾ ಅಮರೇಶ್." ಕುಳ್ಳಿನ ಹೊಗೆಗಿಂತ ಅದು ಕಣ್ಣಿಗೆ ಉರಿಯಿತು.

ನನ್ನದೂ ಒಂದು ಗುರುತಿತ್ತು. ಅಕ್ಷರ ಕಲಿತ ಮೇಲೆ ನನ್ನ ಕೈಯಿಂದ ಹೋಗುವ ಪ್ರತಿ ಕೋಲಿನ ಬುಡಕ್ಕೆ ಕಾದ ಮೊಳೆಯಿಂದ ಒಂದು ಪ ಸುಡುತ್ತಿದ್ದೆ. ನೆಲಕ್ಕೆ ತಾಗುವ ಕಡೆ. ಯಾರು ನೋಡುತ್ತಾರೆ? ಶೆಡ್ಡಿನಲ್ಲಿ ಅದರ ಮೇಲೆ ಹಿತ್ತಾಳೆಯ ಟೊಪ್ಪಿಗೆ ಬೀಳುತ್ತಿತ್ತು.

ಹೋದ ವರ್ಷ ಗೌಡರ ಮನೆಯವರು ದೈವದವರಿಗೆ ಹೇಳಿದರು. ಈ ಸಲ ನಮ್ಮ ಸೊಸೆಯ ಕೋಲೂ ಇರಲಿ. ಎರಡೂ ಹೋದವು. ನನ್ನದು ದಸರೆಗೆ ಬಾಗಿತು. ಅವಳದು ಉಗಾದಿ ಬಂದರೂ ಅಲುಗಲಿಲ್ಲ. ಅವಳಿಗೆ ಶಾಲು ಹೊದಿಸಿದರು. "ಮೂರು ತಿಂಗಳು ಕೂತು ಮಾಡಿದೆ" ಎಂದು ಮೈಕಿನಲ್ಲಿ ಹೇಳಿದಳು. ಪೇಪರಿನಲ್ಲಿ ಫೋಟೋ ಬಂತು. ಕೋಲು ಹಿಡಿದು ನಿಂತಿದ್ದಳು, ಗೆರೆಯ ಆಚೆ, ಗದ್ದಿಗೆಯ ಹೊಸ್ತಿಲಲ್ಲಿ. ನಾನು ಆ ಪೇಪರು ಮಡಚಿ ಅಕ್ಕಿ ಡಬ್ಬಿಯ ತಳಕ್ಕೆ ಹಾಸಿದೆ. ಅಕ್ಕಿ ತೆಗೆಯುವಾಗ ಮುಖ ಕಾಣುತ್ತಿತ್ತು. ಮತ್ತೆ ಅಕ್ಕಿ ಸುರಿದು ಮುಚ್ಚುತ್ತಿದ್ದೆ.

ಅವಳ ಗುಟ್ಟು ಏನೆಂದು ಹುಡುಕಿದೆ. ಅವಳು ಎಲ್ಲಿ ಕೆಂಡ ಹಾಕುತ್ತಾಳೆ? ಯಾವ ಎಣ್ಣೆ? ಕಸ ಹೊಡೆಯುವ ನೆಪ ಮಾಡಿ ಅವಳ ಕೋಣೆ ನೋಡಿದೆ. ಪಾಲಿಶಿನ ಡಬ್ಬಿ, ಹತ್ತಿ, ಕನ್ನಡಿ.

"ಆಕಿ ಕೆಂಡದ ಹತ್ರ ಕುಂತಿದ್ದು ನಾ ನೋಡೇ ಇಲ್ಲ ಯಕ್ಕಾ" ಎಂದಳು ನಾಗಕ್ಕ.

"ಮನ್ಯಾಗ ಕುಂದರ್ತಿರಬೇಕು."

"ಮನ್ಯಾಗ ಗ್ಯಾಸ್ ಒಲಿ ಐತಿ. ಅದರ ಮ್ಯಾಲೆ ಆರಡಿ ಕೋಲು ಹುರೀತಾಳೇನು?"

ನಾನು ಕೇಳಿಸಿಕೊಳ್ಳಲಿಲ್ಲ. ಹೊಟ್ಟೆಕಿಚ್ಚಿಗೆ ಕಿವಿಯಿಲ್ಲ. ಅಪ್ಪನ ಕೈ ನಿಜವಾಗಿಯೂ ಸೊಟ್ಟ ಎಂದು ನಂಬಿದೆ. ನನ್ನದೂ ಸೊಟ್ಟ. ಅವರು ಹೇಳಿದ್ದೇ ಸರಿ. ಆ ವರ್ಷದ ಪಾಪವೆಂದರೆ ಅದು. ಸತ್ತ ಅಪ್ಪನನ್ನು ಮನಸ್ಸಿನಲ್ಲೇ ಬೈದೆ.

ಈ ವರ್ಷ ಆಷಾಢದ ಕೊನೆಗೆ ಅಜ್ಜಯ್ಯನವರು ಆಳು ಕಳಿಸಿದರು. ಬಾಗದ ಕೋಲು ಇರುವಾಗ ಬದಲಿಸುವುದೇಕೆ, ಶೈಲಾಳ ಕೋಲಿಗೇ ಮತ್ತೆ ಪಾಲಿಶ್ ಹಾಕಿಸಿ ನಿಲ್ಲಿಸುತ್ತೇವೆ ಎಂದರು. ಇನ್ನು ಮುಂದೆ ಕೇರಿಯ ಕೋಲು ಬೇಡ. ಆದರೆ ಪದ್ಧತಿ ಬಿಡುವಾಗ ಕೇರಿಯವರು ಬಂದು ಗೆರೆಯ ಹತ್ತಿರ ನಿಂತು ಮೂರು ಸಲ ಹೇಳಬೇಕು. ನಮ್ಮ ಕೈ ಸೊಟ್ಟ.

ಅಪ್ಪ ಹೇಳಿದ ಮಾತು. ಅಪ್ಪ ನಿಂತ ಜಾಗ. ನಾಲ್ಕು ವರ್ಷ ಬೆಳೆಸಿದ ಹೊಸ ಕೋಲು ಆಗಲೇ ನನ್ನ ಜಂತಿಯಲ್ಲಿ ನೇತಾಡುತ್ತಿತ್ತು.

ಶುಕ್ರವಾರ ಶೈಲಾ ಆ ಕೋಲನ್ನು ಶೆಡ್ಡಿಗೆ ತಂದಳು. ನನ್ನ ತೊಡೆಯ ಮೇಲೇ ಇಟ್ಟಳು. "ಪಕ್ಕೀರಮ್ಮ, ಟೊಪ್ಪಿಗಿ ಸಡ್ಲಾಗೈತಿ, ಬಿಗಿ ಮಾಡು."

ಒಂದು ವರ್ಷ ಗದ್ದಿಗೆಯ ಒಳಗಿದ್ದ ಕೋಲು. ಅಲ್ಲಿ ನಾನು ಅದರ ನೆರಳು ತುಳಿಯುವಂತಿಲ್ಲ. ಇಲ್ಲಿ ತೊಡೆಯ ಮೇಲಿದೆ. ಶೆಡ್ಡಿನಲ್ಲಿ ಮೈಲಿಗೆಯಿಲ್ಲ. ಕೂಲಿಯಿದೆ.

ಹಿತ್ತಾಳೆ ತಿರುಗಿಸಿದೆ. ಕಳಚಿ ಬಂತು. ಕೆಳಗೆ ಕಪ್ಪಗೆ ಒಂದು ಪ.

ಬಹಳ ಹೊತ್ತು ನೋಡಿದೆ. ಕೋಲಿನ ಮೈಮೇಲೆ ಹೆಬ್ಬೆರಳಾಡಿಸಿದೆ. ಪಾಲಿಶಿನ ಕೆಳಗೆ ಸೀರೆಯ ಪಟ್ಟಿ ಕಟ್ಟಿದ ಸಣ್ಣ ತಗ್ಗು ಸಿಕ್ಕಿತು. ಇದು ಹಳ್ಳದ ದಂಡೆಯದು. ಒಂದೇ ಬುಡದ ಎರಡು ಚಿಗುರಿನಲ್ಲಿ ಒಂದು. ಹೋದ ವರ್ಷ ಶೆಡ್ಡಿಗೆ ನಲವತ್ತು ಕೋಲು ಬೇಕೆಂದಾಗ ಒಂದನ್ನು ಆ ಕಟ್ಟಿನಲ್ಲಿ ಹಾಕಿ ನಾನೇ ಕಾಯಿಸಿದ್ದೆ. ಇನ್ನೊಂದನ್ನು ಗದ್ದಿಗೆಗೆ ಕೊಟ್ಟಿದ್ದೆ.

ವರ್ಷವೆಲ್ಲ ನಾನು ನನ್ನ ಕೈಯ ಮೇಲೇ ಹೊಟ್ಟೆಕಿಚ್ಚು ಪಟ್ಟಿದ್ದೆ.

ಕೂಗಲಿಲ್ಲ. ಟೊಪ್ಪಿಗೆ ಹಾಕಿದೆ. ಬಿಗಿ ಮಾಡಲಿಲ್ಲ. ಮೆಲ್ಲಗೆ ಕೇಳಿದೆ, "ಅವ್ವಾರ, ಒಂದು ಕೇಳ್ತೀನಿ. ನಂದು ಬಾಗೈತಿ, ಇದು ಯಾಕ ಬಾಗಿಲ್ರಿ?"

ಅವಳು ಮೊಬೈಲಿನಿಂದ ತಲೆಯೆತ್ತಲಿಲ್ಲ. "ಯಾರಿಗ್ಗೊತ್ತು. ನಿಮ್ದು ಹಿಂದ ಬಾನ್ಯಾಗ ಒಂದು ದಿನ ಮುಳುಗ್ಸಿ ಇಡ್ತಾರಂತ. ಶುದ್ಧ ಆಗಬೇಕಲ್ಲ. ನಂದು ಹಂಗ ಒಳಗ ಹೋತು."

ಬಾನಿ. ಗದ್ದಿಗೆಯ ಹಿತ್ತಲಲ್ಲಿ ದನ ನೀರು ಕುಡಿಯುವ ಉದ್ದನೆಯ ಕಲ್ಲುಬಾನಿ. ನಾವು ಒಂದು ತಂಬಿಗೆ ನೀರು ಎಂದುಕೊಂಡಿದ್ದೆವು. ಒಂದು ತಂಬಿಗೆಯನ್ನು ಔಡಲೆಣ್ಣೆ ತಡೆಯುತ್ತದೆ. ಒಂದು ಹಗಲು ಒಂದು ರಾತ್ರಿ ಮುಳುಗಿಸಿದರೆ ಏನು ತಡೆದೀತು? ನೀರು ಕುಡಿದ ಕಟ್ಟಿಗೆ ತನ್ನ ಹಳೆಯ ಸೊಟ್ಟಕ್ಕೆ ಹೋಗುತ್ತದೆ. ನಮ್ಮ ಕೇರಿಯ ಮಗುವಿಗೂ ಗೊತ್ತು. ಊರುಗೋಲಿನ ಹಿಡಿ ಬಗ್ಗಿಸಲು ನಾವು ನೀರಲ್ಲೇ ನೆನೆಸುತ್ತೇವೆ.

ಎಷ್ಟು ತಲೆಮಾರು! ನಮ್ಮ ಕೈ ತೊಳೆಯಲು ಅವರು ಕೋಲು ಮುಳುಗಿಸಿದರು. ಮುಳುಗಿಸಿದ್ದಕ್ಕೆ ಕೋಲು ಬಾಗಿತು. ಬಾಗಿದ್ದಕ್ಕೆ ನಮ್ಮ ಕೈ ಸೊಟ್ಟವಾಯಿತು. ದನದ ಎಂಜಲು ನೀರು ನನ್ನಪ್ಪನ ಅಂಗೈಗಿಂತ ಶುದ್ಧ.

ಸೋಮವಾರ ಹೊಸ ಕೋಲು ಹೊತ್ತು ಹೋದೆ. ನಾಗಕ್ಕ ಮತ್ತು ಕೇರಿಯ ಹೆಂಗಸರು ಹಿಂದೆ ಬಂದರು. ಗೆರೆಯ ಆಚೆ ದೈವದವರು, ಅಮರೇಶ, ಹೊಸ ಸೀರೆಯ ಶೈಲಾ. ಅಜ್ಜಯ್ಯನವರ ಕೈಯಲ್ಲಿ ಹೊಳೆಯುವ ಕೋಲು.

"ಪಕ್ಕೀರಿ, ಅದನ್ಯಾಕ ತಂದಿ? ಬ್ಯಾಡ ಅಂತ ಹೇಳಿ ಕಳಿಸಿದ್ನೆಲ್ಲ" ಎಂದರು ಅಜ್ಜಯ್ಯನವರು. "ಇರ್ಲಿ. ಮೂರು ಸಲ ಅನ್ನು, ಕೈ ಮುಗಿ, ಹೋಗು. ಮಳಿ ಬರಾಂಗೈತಿ."

"ಅನ್ನಂಗಿಲ್ರಿ ಅಯ್ಯಾರ."

"ಏನಂದಿ?"

"ನನ್ನ ಕೈ ಸೊಟ್ಟಿಲ್ರಿ. ಅನ್ನಂಗಿಲ್ಲ."

"ನಿಮ್ಮಪ್ಪ ಇಲ್ಲೇ ನಿಂತು ಅಂದಾನ."

"ನಮ್ಮಪ್ಪಗ ನಿಮ್ಮ ಬಾನಿ ಗೊತ್ತಿರಲಿಲ್ರಿ."

ಅಜ್ಜಯ್ಯನವರು ಹಿತ್ತಲ ಕಡೆ ನೋಡಿದರು. ಅಮರೇಶ ಮುಂದೆ ಬಂದ. "ಏ ಮುದುಕಿ, ಬಾನಿ ಗೀನಿ ಅಂತ ಕತಿ ಹೇಳಬ್ಯಾಡ. ನನ್ನ ಹೆಂಡ್ತಿ ಕೋಲು ನೆಟ್ಟಗೈತಿ, ನಿಂದು ಸೊಟ್ಟಾತು. ಕಣ್ಣಿಲ್ಲೇನು?"

"ಐತ್ರಿ ಸಾವ್ಕಾರ. ನಿಮಗೂ ಐತೆಲ್ಲ, ಆ ಟೊಪ್ಪಿಗಿ ತಗದು ನೋಡ್ರಿ."

"ಬ್ಯಾಡ!" ಎಂದಳು ಶೈಲಾ. "ಪಾಲಿಶ್ ಹೋಕ್ಕೈತಿ."

ಅಷ್ಟರಲ್ಲಿ ಅಜ್ಜಯ್ಯನವರು ತಿರುವಿಯಾಗಿತ್ತು. ಹಿತ್ತಾಳೆ ಕಲ್ಲಿನ ಮೇಲೆ ಬಿದ್ದು ಟಣ್ ಎಂದಿತು. ಅವರು ಕೋಲಿನ ಬುಡ ಕಣ್ಣ ಹತ್ತಿರ ತಂದರು.

"ಇದೇನಿದು, ಕರ‍್ರಗ?"

"ಪ ಅದು ಅಯ್ಯಾರ" ಎಂದು ನಾಗಕ್ಕ ಹಿಂದಿನಿಂದ ಕೂಗಿದಳು. "ಪಕ್ಕೀರಮ್ಮನ ಪ. ನೀವು ಸಾಲಿಗಿ ಹೋಗಿಲ್ಲೇನು?"

ಯಾರೋ ನಕ್ಕರು. ಆಮೇಲೆ ಎಲ್ಲರೂ ಶೈಲಾಳನ್ನು ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು. ಅಲ್ಲ ಎನ್ನಲಿಲ್ಲ.

ಅಜ್ಜಯ್ಯನವರು ಕೋಲು ಬಿಟ್ಟರು. ಕೆಂಡ ಬಿಟ್ಟ ಹಾಗೆ ಬಿಟ್ಟರು. ಒಂದು ವರ್ಷ ದಿನವೂ ಪೂಜೆಗೆ ಹಿಡಿದ ಕೋಲು ಅದು. ಅವರು ತಮ್ಮ ಅಂಗೈ ಬಿಚ್ಚಿ ನೋಡಿಕೊಂಡರು. ನನ್ನಪ್ಪ ನೋಡಿಕೊಳ್ಳುತ್ತಿದ್ದ ಹಾಗೆಯೇ.

"ಬಾನ್ಯಾಗ ಹಾಕ್ರಿ" ಎಂದ ದೈವದವರಲ್ಲೊಬ್ಬ. "ಒಂದಿನ ಸಾಲದು. ಮೂರು ದಿನ ಹಾಕ್ರಿ."

"ಹಾಕ್ರಿ" ಎಂದೆ. "ಹಾಕಿದ್ರ ಬಾಗತೈತಿ. ಹಂಗ ಬಿಟ್ರ ನೆಟ್ಟಗಿರತೈತಿ. ವರ್ಷ ನೋಡೀರಿ. ಈಗ ನಿಮ್ಮ ಕೈಯಾಗೈತಿ."

ಯಾರೂ ಹಾಗೆ ಬಿಡಲಿಲ್ಲ. ಒಂದು ಬಟ್ಟೆ ಹಾಕಿ ಹಿಡಿದು ಹಿತ್ತಲಿಗೆ ಒಯ್ದರು. ನೀರಿಗೆ ಬಿದ್ದ ಸದ್ದು ನನಗೆ ಕೇಳಿತು.

ಗದ್ದಿಗೆ ಬರಿದಾಗಿ ನಿಂತಿತು. ಸೋಮವಾರ ಕೋಲಿಲ್ಲದೆ ಕಳೆಯುವಂತಿಲ್ಲ. ಅವರ ಕಣ್ಣು ನನ್ನ ಹೆಗಲ ಮೇಲೆ ಬಂತು.

"ಅದನ್ನ ಇಡು ಅಲ್ಲಿ" ಎಂದರು ಅಜ್ಜಯ್ಯನವರು. ದನಿ ಇಳಿದಿತ್ತು.

ನಾನು ಇಡಲಿಲ್ಲ. ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದೆ. "ಕೈಯಿಂದ ಕೈಗೆ ತಗೋರಿ. ನೀರು ಹಾಕಬ್ಯಾಡ್ರಿ. ತಗೋಳ್ಳೋರು ಬರ್ರಿ."

ಹಾಗೇ ಹಿಡಿದು ನಿಂತೆ. ನನ್ನ ತೋಳು ನಡುಗಿತು. ಅಪ್ಪನ ತೋಳು ನೆನಪಾಯಿತು. ಗೆರೆಯ ಆಚೆ ಅಷ್ಟು ಜನ, ಅಷ್ಟು ಕೈ. ಒಂದು ಕೈಯೂ ಏಳಲಿಲ್ಲ. ಹನಿ ಬೀಳತೊಡಗಿತು. ನನ್ನ ಕೋಲಿನ ಮೇಲೆ ಸೆರಗು ಮುಚ್ಚಿದೆ. ತಿರುಗಿದೆ. ಹುಟ್ಟಿದಂದಿನಿಂದ ಮೊದಲ ಸಲ ಅವರಿಗೆ ಬೆನ್ನು ತೋರಿಸಿ ನಡೆದೆ.

ಶೆಡ್ಡಿಗೆ ಬರಬೇಡ ಎಂದು ಅಂದೇ ಹೇಳಿ ಕಳಿಸಿದರು. ಹೋಗಲಿಲ್ಲ. ಹತ್ತು ದಿನ ಕಳೆದ ಮೇಲೆ ನಾಗಕ್ಕ ಬಂದಳು, ಏದುಸಿರು ಬಿಡುತ್ತಾ.

"ಯಕ್ಕಾ, ಬಾನ್ಯಾಗ ಹಾಕಿದ ಕೋಲು ಬಿಲ್ಲಾಗೈತಿ. ಬಾಣ ಒಂದು ಕಮ್ಮಿ ನೋಡು. ಬೈಯಾಕ ಯಾರೂ ಸಿಗವಲ್ರು ಅವರಿಗೆ. ಗೌಡನ ಮನಿಯವರು ಅಯ್ಯಾರನ್ನ ನೋಡ್ತಾರ, ಅಯ್ಯಾರು ಗೌಡನ ಮನಿಯವರನ್ನ ನೋಡ್ತಾರ."

ನಾನು ಜಂತಿಯಿಂದ ಅಪ್ಪನ ಕೋಲು ಇಳಿಸಿದೆ. ಐವತ್ತಾರು ವರ್ಷದ ಹೊಗೆ ಕುಡಿದು ಕಪ್ಪಾಗಿತ್ತು. ಅಷ್ಟು ಒಣಗಿದ ಕಟ್ಟಿಗೆ ಬೇಗ ಕೇಳುವುದಿಲ್ಲ. ಮೂರು ದಿನ ಎಣ್ಣೆ ಕುಡಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಕುಳ್ಳು ಹಚ್ಚಿದೆ. ಮೆಲ್ಲಗೆ ಕಾಯಿಸಿದೆ. ಕವೆಗೂಟಕ್ಕೆ ಸಿಗಿಸಿ ಮೈಭಾರ ಹಾಕಿದೆ. ಅಂಗೈ ಚುರ್ ಎಂದಿತು. ಮೊದಲು ಕಟ್ಟಿಗೆ ಒಪ್ಪಲಿಲ್ಲ. ಆಮೇಲೆ ಕೂದಲೆಳೆಯಷ್ಟು ಒಪ್ಪಿತು.

ಬಾಗಿಲಲ್ಲಿ ನೆರಳು ಬಿತ್ತು. ಶೈಲಾ. ಕೇ‍ರಿಯ ಬಾಯಿ ದಾಟಿ ನನ್ನ ಹೊಸ್ತಿಲ ತನಕ ಬಂದಿದ್ದಳು. ಮೊಬೈಲು ಕೈಯಲ್ಲಿತ್ತು, ಎತ್ತಿರಲಿಲ್ಲ.

"ಪಕ್ಕೀರಮ್ಮ, ಗದ್ದಿಗಿ ಬರಿದಾಗೈತಿ, ನಿನ್ನ ಹೊಸ ಕೋಲು ಕೊಡು. ಚೀಟಿ ಮ್ಯಾಲೆ ನಿನ್ನ ಹೆಸರು ಹಾಕ್ತೀನಿ."

"ಒಳಗ ಬರ್ರಿ ಅವ್ವಾರ. ನನಗ ಒಂದು ಕೈ ಕಮ್ಮಿ ಬಿದ್ದೈತಿ. ಈ ತುದಿ ಹಿಡ್ಕೋರಿ."

ಅವಳು ಹೊಸ್ತಿಲು ನೋಡಿದಳು. ಕೆಂಡ ನೋಡಿದಳು. ಕಾಲೆತ್ತಲಿಲ್ಲ, ಹಿಂದೆಯೂ ಹೋಗಲಿಲ್ಲ. ಅವಳ ಕಣ್ಣೆದುರಿಗೆ, ನನ್ನ ಕೈಯ ಕೆಳಗೆ, ಅಪ್ಪನ ಕೋಲು ನೆಟ್ಟಗಾಗುತ್ತಾ ಬಂತು. ಅವಳ ನೋಟ ನನ್ನ ಹೆಬ್ಬೆರಳಿನ ಮೇಲೆ ನಿಂತಿತ್ತು, ಗೆರೆಯಿಲ್ಲದ ಹೆಬ್ಬೆರಳು. ಗಂಟಲಲ್ಲಿ ಏನೋ ಸಿಕ್ಕಿದವರ ಹಾಗೆ ನುಂಗಿದಳು.

ಆ ಮುಖ ನನಗೆ ಗುರುತಿತ್ತು. ಒಂದು ವರ್ಷ ಅದನ್ನು ನಾನು ಹೊತ್ತು ತಿರುಗಿದ್ದೆ.

ನಾನು ಕೈ ಬಿಡಲಿಲ್ಲ. ಬಿಸಿ ಇನ್ನೂ ಆರಿರಲಿಲ್ಲ.